ಭದ್ರಾವತಿ ಹಳೇನಗರದ ಒಂದು ಜಾಲಿ ಗೋಡೆಯನ್ನು ಒಡೆಯುವ ಬಗ್ಗೆ

ಮನೆಗಳ ಹೊರಮೈ ಇಲಾಖೆ
ಶಿವಮೊಗ್ಗ–ಭದ್ರಾವತಿ ಜೋಡಿ ವಲಯ
(ಕಚೇರಿಯ ಬೋರ್ಡು ಬಣ್ಣಕ್ಕೆ ಹೋಗಿದೆ. ಎರಡನೇ ಮಹಡಿ ಎಂದು ಕೇಳಿಕೊಂಡು ಬರತಕ್ಕದ್ದು.)

ಸಂಖ್ಯೆ: ಮಹೊಇ/ಜಾಲಿ/ಒಡೆ/07/2025-26

ಪರಿಷ್ಕೃತ ಸುತ್ತೋಲೆ
(ಹಿಂದಿನದನ್ನು ಓದಿದವರು ಮರೆಯತಕ್ಕದ್ದು)

ವಿಷಯ: 1950ರಿಂದ 1975ರ ನಡುವೆ ಕಟ್ಟಲಾದ ಮನೆಗಳ ಮುಂಭಾಗವನ್ನು ಹೊಸದಾಗಿಸುವ ಬಗ್ಗೆ, ಅದರಲ್ಲಿಯೂ ವಿಶೇಷವಾಗಿ ಒಂದು ಮನೆಯ ಬಗ್ಗೆ.

ಉಲ್ಲೇಖ:
1. ಇದೇ ಕಚೇರಿಯ ಹಿಂದಿನ ಸುತ್ತೋಲೆ.
2. ಶ್ರೀಮತಿ ವಿಶಾಲಮ್ಮನವರು ಅಡುಗೆಮನೆಯಿಂದ ಪದೇ ಪದೇ ಸಲ್ಲಿಸಿದ ಮೌಖಿಕ ಮನವಿ.
3. ಶಿವಮೊಗ್ಗದ ಫ್ಯಾಬ್ರಿಕೇಷನ್ ಗುತ್ತಿಗೆದಾರರಾದ ಸಯೀದ್ ಅವರು ಮೊಬೈಲಿನಲ್ಲಿ ಕಳಿಸಿದ ಬಣ್ಣದ ಚಿತ್ರ.

ಪ್ರಸ್ತಾವನೆ:

ಶಿವಮೊಗ್ಗ ನಗರ ಮತ್ತು ಭದ್ರಾವತಿಯಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ಕಟ್ಟಲಾದ, ಅಂದು ‘ಮಾಡರ್ನ್’ ಎಂದು ಊರೇ ನೋಡಲು ಬಂದಿದ್ದ, ಇಂದು ಏನೆಂದು ಕರೆಯಬೇಕೋ ತಿಳಿಯದ ಮನೆಗಳ ಮುಂಭಾಗವನ್ನು ಮಾಲೀಕರು ಒಬ್ಬರ ಹಿಂದೊಬ್ಬರು ಒಡೆದು ಬದಲಾಯಿಸುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಇಷ್ಟು ವರ್ಷ ಬಾರದ್ದು ಈಗ ಬರಲು ಕಾರಣವೇನೆಂದರೆ, ಸದರಿ ಗೀಳು ಭದ್ರಾವತಿ ಹಳೇನಗರದ ‘ಶಾರದಾ ನಿಲಯ’ಕ್ಕೂ ತಗಲಿರುತ್ತದೆ.

ಸದರಿ ಮನೆಯನ್ನು ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡುತ್ತಿದ್ದ ದಿವಂಗತ ಜಯಪ್ಪನವರು 1966ರಲ್ಲಿ ಕಟ್ಟಿಸಿ, ತಮ್ಮ ಹೆಂಡತಿಯ ಹೆಸರಿಟ್ಟಿರುತ್ತಾರೆ. ವರಾಂಡದ ಮುಂದೆ ನೆಲದಿಂದ ಸಜ್ಜಾದವರೆಗೆ ಜಾಲಿ ಗೋಡೆ ಇರುತ್ತದೆ. ವೀಳ್ಯದೆಲೆಯ ಆಕಾರದ ತೂತುಗಳಿರುವ ಸಿಮೆಂಟ್ ಬಿಲ್ಲೆಗಳ ಅಚ್ಚನ್ನು ಜಯಪ್ಪನವರು ಮನೆಯಲ್ಲಿ ತಾವೇ ಕೊರೆದು, ಒಂದೊಂದಾಗಿ ಎರಕ ಹೊಯ್ದು ಜೋಡಿಸಿರುತ್ತಾರೆ. ಅವರ ಒಬ್ಬಳೇ ಮಗಳಾದ ವಿಶಾಲಮ್ಮನವರು ಈಗಿನ ಮಾಲೀಕರು. ಅವರು ಈ ಜಾಲಿ ಗೋಡೆಯನ್ನು ಒಡೆಸಿ ಗಾಜು ಮತ್ತು ಎಸಿಪಿ ಎಂಬ ಹೊಳೆಯುವ ಅಲ್ಯೂಮಿನಿಯಂ ಶೀಟು ಹಾಕಿಸಲು ತೀರ್ಮಾನಿಸಿರುತ್ತಾರೆ. ವಿಶಾಲಮ್ಮನವರ ಪತಿಯು ಒಡೆಯಬಾರದೆಂದು ಹಟ ಹಿಡಿದಿರುತ್ತಾರೆ. ಸದರಿ ಪತಿಯೇ ಈ ಸುತ್ತೋಲೆಗೆ ಸಹಿ ಮಾಡುವ ಅಧಿಕಾರಿ. ಇದರಿಂದ ಇಲಾಖೆಯ ನಿಷ್ಪಕ್ಷಪಾತಕ್ಕೆ ಯಾವ ಧಕ್ಕೆಯೂ ಆಗಿಲ್ಲವೆಂದು ಸದರಿ ಅಧಿಕಾರಿಯೇ ಕೂಲಂಕಷವಾಗಿ ಪರಿಶೀಲಿಸಿ ದೃಢೀಕರಿಸಿರುತ್ತಾರೆ.

ಆದ್ದರಿಂದ ಸಾರ್ವಜನಿಕರಿಗೂ, ಸಿಬ್ಬಂದಿಗೂ, ಮನೆಯವರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಈ ನಿಯಮಗಳು ಅನ್ವಯಿಸಬೇಕಾದರೆ ಮನೆಗೆ ಓರೆಯಾಗಿ ನಿಂತ ಕಂಬ, ಹಡಗಿನದ್ದೆಂಬಂತೆ ದುಂಡಗಿರುವ ಕಿಟಕಿ, ಹುಟ್ಟುವ ಸೂರ್ಯನ ಚಿತ್ರವಿರುವ ಕಬ್ಬಿಣದ ಗ್ರಿಲ್, ಪ್ಯಾರಪೆಟ್ ಮೇಲೆ ಸಿಮೆಂಟಿನಲ್ಲಿ ಬರೆದ ಇಸವಿ, ಇವುಗಳಲ್ಲಿ ಎರಡಾದರೂ ಇರತಕ್ಕದ್ದು. ಅಂಬಾಸಿಡರ್ ಕಾರು ಬರುತ್ತದೆಂಬ ಭರವಸೆಯಿಂದ ಕಟ್ಟಿಸಿ, ಕೊನೆಯವರೆಗೂ ಸೈಕಲ್ ನಿಲ್ಲಿಸಿದ ಪೋರ್ಟಿಕೋ ಇದ್ದಲ್ಲಿ ಅದೊಂದೇ ಸಾಕು.

2. ಪ್ಯಾರಪೆಟ್ ಮೇಲಿನ ಹಳೆ ಇಸವಿಯನ್ನು ಕೆತ್ತಿ ತೆಗೆದು ಹೊಸ ಇಸವಿ ಬರೆಸುವವರು, ಅದೇ ಮನೆಯಲ್ಲಿ ತಾವು ಹುಟ್ಟಿದ್ದೆಂದು ಇನ್ನು ಮುಂದೆ ಯಾರಲ್ಲಿಯೂ ಹೇಳತಕ್ಕದ್ದಲ್ಲ.

3. ಹೊರಗೋಡೆಯ ಬಣ್ಣಕ್ಕೆ ಅಂಗಡಿಯವರು ಇಂಗ್ಲಿಷಿನಲ್ಲಿ ಯಾವ ಹೆಸರನ್ನೇ ಹೇಳಲಿ, ಅರ್ಜಿಯಲ್ಲಿ ಕಣ್ಣಿಗೆ ಕಂಡಂತೆ ಬರೆಯತಕ್ಕದ್ದು. ಗಂಜಿ ಬಣ್ಣ, ಹೆಸರುಬೇಳೆ ಬಣ್ಣ, ಹಳಸಿದ ಮಜ್ಜಿಗೆ ಬಣ್ಣ ಇತ್ಯಾದಿ. ಒಂದೇ ಗೋಡೆಗೆ ಮೂರಕ್ಕಿಂತ ಹೆಚ್ಚು ಬಣ್ಣ ಬಳಿಸಿದಲ್ಲಿ, ಮನೆಯಲ್ಲಿ ಒಮ್ಮತ ಮೂಡಿಲ್ಲವೆಂದು ಭಾವಿಸಿ ಇಲಾಖೆಯಿಂದ ಒಬ್ಬ ಹಿರಿಯರನ್ನು ಪಂಚಾಯ್ತಿಗೆ ಕಳಿಸಿಕೊಡಲಾಗುವುದು. ಹಿರಿಯರಿಗೆ ಊಟದ ವ್ಯವಸ್ಥೆ ಅರ್ಜಿದಾರರದ್ದು.

4. ಅಸಲಿ ಕಲ್ಲಿನ ಗೋಡೆಯ ಮೇಲೆ ಕಲ್ಲಿನಂತೆ ಕಾಣುವ ಟೈಲ್ಸ್ ಅಂಟಿಸುವವರು, ಒಳಗಿನ ಕಲ್ಲಿಗೆ ಮುಂಚಿತವಾಗಿ ನೋಟಿಸು ಜಾರಿ ಮಾಡತಕ್ಕದ್ದು. ಕಲ್ಲು ನಿಗದಿತ ಅವಧಿಯಲ್ಲಿ ಉತ್ತರಿಸದಿದ್ದಲ್ಲಿ ಅದಕ್ಕೆ ಬೇಸರವಾಗಿದೆ ಎಂದು ತಿಳಿಯತಕ್ಕದ್ದು.

5. ಗೇಟಿನ ಕಂಬಗಳ ಮೇಲೆ ಸಿಮೆಂಟಿನ ಆನೆ ಕೂರಿಸುವವರು, ಸದರಿ ಆನೆಯ ಭಾವಚಿತ್ರವನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಒಯ್ದು ಅಲ್ಲಿನ ಯಾವುದಾದರೂ ಒಂದು ಆನೆಯೊಂದಿಗೆ ಹೋಲಿಕೆ ಮಾಡಿಸಿಕೊಂಡು ಬರತಕ್ಕದ್ದು. ಯಾವುದರೊಂದಿಗೂ ಹೋಲದಿದ್ದಲ್ಲಿ ಕಡತದಲ್ಲಿ ಹಂದಿ ಎಂದು ನಮೂದಿಸಲಾಗುವುದು. ಈ ಬಗ್ಗೆ ಮೇಲ್ಮನವಿಗೆ ಅವಕಾಶವಿಲ್ಲ.

6. ಸೋಗಾನೆಗೆ ವಿಮಾನ ಬರತೊಡಗಿದ ಮೇಲೆ, ತಾರಸಿಯೂ ಮನೆಯ ಮುಂಭಾಗವೇ ಎಂದು ವಾದಿಸಿ ಕೆಲವರು ನೀರಿನ ಟ್ಯಾಂಕನ್ನು ಕಮಲ, ಫುಟ್‌ಬಾಲ್ ಹಾಗೂ ವಿಮಾನದ ಆಕಾರದಲ್ಲಿ ಕಟ್ಟಿಸುತ್ತಿರುವುದು ಕಂಡುಬಂದಿದೆ. ವಿಮಾನದ ಆಕಾರದ ಟ್ಯಾಂಕಿನ ಮೂತಿಯನ್ನು ಸೋಗಾನೆಯ ಕಡೆಗೆ ತಿರುಗಿಸತಕ್ಕದ್ದಲ್ಲ. ಮೇಲಿನವರಿಗೆ ಗಾಬರಿಯಾಗುವ ಸಾಧ್ಯತೆ ಇರುತ್ತದೆ.

7. ಎಸಿಪಿ ಶೀಟು ಮತ್ತು ನೀಲಿ ಗಾಜಿನ ಬಗ್ಗೆ: ಈ ಅಂಶವನ್ನು ವಿಶಾಲಮ್ಮನವರು ನಿಧಾನವಾಗಿ, ಸಾಧ್ಯವಾದಲ್ಲಿ ಎರಡು ಬಾರಿ ಓದಬೇಕೆಂದು ಕೋರಲಾಗಿದೆ. ಅವರು ಮಾದರಿಯೆಂದು ಪದೇ ಪದೇ ತೋರಿಸುತ್ತಿರುವುದು ಶಿವಮೊಗ್ಗದ ಅಡಿಕೆ ವ್ಯಾಪಾರಿ ಶಿವಯೋಗಿಯವರ ಮನೆಯನ್ನು. ಶಿವಯೋಗಿಯವರು ತಮ್ಮ ತಂದೆಯ ಕಾಲದ ಮನೆಯ ಮುಂದಿನ ಓರೆ ಕಂಬಗಳನ್ನು ಮುಚ್ಚಿ, ಬಿಳಿ ಶೀಟು, ನೀಲಿ ಗಾಜು ಮತ್ತು ಇರುಳೆಲ್ಲ ಉರಿಯುವ ದೀಪದ ಪಟ್ಟಿ ಹಾಕಿಸಿರುತ್ತಾರೆ. ನೋಡಲು ಲಕಲಕ ಎನ್ನುತ್ತದೆ ಎಂಬುದನ್ನು ಇಲಾಖೆ ಅಲ್ಲಗಳೆಯುವುದಿಲ್ಲ. ಆದರೆ ಮುಂದೆ ನಡೆದದ್ದನ್ನು ಶಿವಯೋಗಿಯವರ ಹೇಳಿಕೆಯಲ್ಲಿಯೇ ಕಾಣಬಹುದು:

“ಏನ್ ಹೇಳೋದು ಮಾರಾಯ್ರೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಮೆಟ್ಟಿಲ ಮೇಲೆ ಜನ ಕ್ಯೂ ನಿಂತಿರ್ತಾರೆ, ಖಾಲಿ ಹೊಟ್ಟೇಲಿ! ಹೊಸ ಲ್ಯಾಬ್ ಅಂದ್ಕೊಂಡಿದ್ದಾರೆ. ಒಬ್ಬ ಅಜ್ಜ ತೋಳು ಮಡಚಿ ಸೀದಾ ಸೋಫಾ ಮೇಲೆ ಕೂತುಬಿಟ್ಟ. ನಮ್ಮ ಮನೆಯೋಳು ಪಾಪ ಅಂತ ಎಲ್ಲರಿಗೂ ಕಾಫಿ ಕೊಟ್ಲು, ಸಕ್ಕರೆ ಹಾಕಿ. ಶುಗರ್ ಟೆಸ್ಟ್ ಕೆಡಿಸಿದ್ರಿ ಅಂತ ನಮಗೇ ಬೈದು ಹೋದ್ರು. ಇನ್ನೊಬ್ಬ ಮಹಾನುಭಾವ ಸಣ್ಣ ಬಾಟ್ಲಿ ತಂದು ಕಿಟಕೀಲಿಟ್ಟು, ‘ಸಂಜೆ ರಿಪೋರ್ಟ್ ತಗೊಳ್ತೀನಿ’ ಅಂತ ಹೇಳಿ ಹೋಗೇಬಿಟ್ಟ. ನಾನು ಆ ಬಾಟ್ಲಿ ಏನು ಮಾಡ್ಲಿ?”

ಈ ಹಿನ್ನೆಲೆಯಲ್ಲಿ, ಇಂತಹ ಮುಂಭಾಗವುಳ್ಳ ಎಲ್ಲ ಮನೆಗಳು ‘ಇದು ಮನೆ. ಇಲ್ಲಿ ರಕ್ತ ತೆಗೆಯುವುದಿಲ್ಲ’ ಎಂಬ ಫಲಕವನ್ನು ಎದ್ದು ಕಾಣುವಂತೆ ಹಾಕತಕ್ಕದ್ದು. ಅಷ್ಟಾಗಿಯೂ ಬಂದವರಿಗೆ ಸಕ್ಕರೆಯಿಲ್ಲದ ಕಾಫಿ ಮಾತ್ರ ಕೊಡತಕ್ಕದ್ದು.

8. ಸ್ಥಳ ತನಿಖೆ: ಹಿಂದಿನ ಸುತ್ತೋಲೆಯಲ್ಲೂ ಇದ್ದ ಮೇಲಿನ ಅಂಶಗಳನ್ನು ಓದಿ ವಿಶಾಲಮ್ಮನವರು ನಕ್ಕರೇ ಹೊರತು ತೀರ್ಮಾನ ಬದಲಿಸಲಿಲ್ಲ. ಆದಕಾರಣ ಶಾರದಾ ನಿಲಯದ ವರಾಂಡದಲ್ಲಿಯೇ ಅಹವಾಲು ಸಭೆ ನಡೆಸಲಾಯಿತು. ಅಧಿಕಾರಿಯವರು ಅಧ್ಯಕ್ಷತೆ ವಹಿಸಿದ್ದರು. ಉಪ್ಪಿಟ್ಟು ಇತ್ತು. ಯಾರು ಏನೇ ಅಂದರೂ ಅಂದಂತೆಯೇ ಬರೆದುಕೊಳ್ಳಬೇಕೆಂದು ಬೆರಳಚ್ಚುಗಾರ್ತಿ ಕವನಾ ಅವರಿಗೆ ಅಧಿಕಾರಿಯೇ ಆದೇಶಿಸಿದ್ದರು. ಈ ಆದೇಶ ನೀಡಿದ್ದಕ್ಕೆ ಅವರು ಈಗ ಪಶ್ಚಾತ್ತಾಪ ಪಡುತ್ತಿದ್ದಾರೆ.

8(ಅ). ಗುತ್ತಿಗೆದಾರ ಸಯೀದ್ ಅವರ ಹೇಳಿಕೆ: “ನನ್ನದೇನಿಲ್ಲ ಸಾರ್. ಅಕ್ಕ ಒಡಿ ಅಂದ್ರೆ ಒಡೀತೀನಿ, ನೀವು ಬೇಡ ಅಂದ್ರೆ ನಿಲ್ಲಿಸ್ತೀನಿ. ಸುತ್ತಿಗೆ ಗಾಡಿಯಿಂದ ಇಳಿಸೋದು, ಮತ್ತೆ ಹತ್ತಿಸೋದು, ಇದೇ ಆಗೋಯ್ತು. ನಮ್ಮ ಕೆಲಸದವರು ಕೇಳ್ತಿದ್ದಾರೆ, ಭಾಯ್, ಇದು ಕೆಲಸಾನೋ ಕಸರತ್ತೋ ಅಂತ. ಗೋಡೆ ಮಾತ್ರ ಗಟ್ಟಿ ಇದೆ ಸಾರ್, ಸುಳ್ಳು ಹೇಳಲ್ಲ. ಇಂಥಾ ಬಿಲ್ಲೆ ಈಗ ಯಾರೂ ಹೊಯ್ಯಲ್ಲ. ನೀವಿಬ್ರೂ ಕೂತು ಒಂದು ಫೈಸಲಾ ಮಾಡ್ಕೊಳ್ಳಿ, ನಾನು ಉಪ್ಪಿಟ್ಟು ತಿಂತಿರ್ತೀನಿ.”

8(ಆ). ಅಧ್ಯಕ್ಷರ ನುಡಿ: ಅಧಿಕಾರಿಯವರು ಎದ್ದು ನಿಂತು, ಜಾಲಿ ಗೋಡೆಯೆಂದರೆ ಕೇವಲ ಸಿಮೆಂಟಲ್ಲ, ಬಿಸಿಲನ್ನು ಸೋಸಿ ಗಾಳಿಯನ್ನು ಬಿಡುವ ವಿವೇಕ ಎಂದು ಸುದೀರ್ಘವಾಗಿ ಮಾತನಾಡಿದರು. ಹೆಣ್ಣು ನೋಡಲು ಈ ಮನೆಗೆ ಮೊದಲ ಬಾರಿ ಬಂದಾಗ ಇದೇ ಗೋಡೆಯ ಮುಂದೆ ಮೈಮರೆತು ನಿಂತಿದ್ದನ್ನು, ಆಗ ಮಾವನವರು ಪಕ್ಕಕ್ಕೆ ಬಂದು ಅಚ್ಚಿನ ಲೆಕ್ಕಾಚಾರ ವಿವರಿಸಿದ್ದನ್ನು ನೆನೆದರು. ಈ ಹಂತದಲ್ಲಿ ವಿಶಾಲಮ್ಮನವರು, “ಹೌದು, ನನ್ನ ನೋಡೋಕೆ ಬಂದು ಗೋಡೆ ನೋಡ್ಕೊಂಡು ಹೋದ್ರು. ಅಪ್ಪಂಗೆ ಅಷ್ಟೇ ಸಾಕಾಯ್ತು, ಒಪ್ಪಿಬಿಟ್ಟ” ಎಂದು ಮಧ್ಯಪ್ರವೇಶಿಸಿದ್ದು, ಸಯೀದ್ ಅವರಿಗೆ ಉಪ್ಪಿಟ್ಟು ನೆತ್ತಿಗೇರಿತು. ನೀರು ಕೊಡಲಾಯಿತು.

8(ಇ). ಮಾಲೀಕರ ಹೇಳಿಕೆ: ಒಡೆಸಲು ಕಾರಣವೇನೆಂದು ಅಧ್ಯಕ್ಷರು ಕೇಳಿದರು. ಶೋಕಿಯೆಂಬ ಉತ್ತರವನ್ನು ನಿರೀಕ್ಷಿಸಿ ಅದಕ್ಕೆ ತಕ್ಕ ಪ್ರತ್ಯುತ್ತರವನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದರು. ವಿಶಾಲಮ್ಮನವರು ಹೇಳಿದ್ದು:

“ಕಾರಣ ಬೇಕಾ? ಈಗ ಕೇಳ್ತಿದ್ದೀರಲ್ಲ, ಸಂತೋಷ. ಅಪ್ಪ ಮಾಡಿದ್ದು ಅಂತ ಎಲ್ಲರೂ ಹೊಗಳ್ತಾರೆ. ಹೊಗಳ್ಲಿ, ನನ್ನ ಅಪ್ಪನೇ ತಾನೆ. ಆದ್ರೆ ಇದನ್ನ ಒರೆಸಿದ್ದು ಯಾರು? ಅಮ್ಮ. ಬೆರಳಿಗೆ ಬಟ್ಟೆ ಸುತ್ಕೊಂಡು ಒಂದೊಂದೇ ತೂತು. ಅಮ್ಮನ ಕೈಲಿ ಆಗಲ್ಲ ಅಂದಾಗಿಂದ ನಾನು. ರಸ್ತೇಲಿ ಒಂದು ಲಾರಿ ಹೋದ್ರೆ ಸಾಕು, ಮತ್ತೆ ಮೊದ್ಲಿಂದ. ಈ ಕಡೆಯಿಂದ ಒರೆಸ್ಕೊಂಡು ಆ ತುದಿ ಮುಟ್ಟೋಷ್ಟರಲ್ಲಿ ಇಲ್ಲಿ ಜೇಡ ಸಂಸಾರ ಹೂಡಿರುತ್ತೆ. ಬೆಂಗ್ಳೂರಿಂದ ಯಾರೋ ಬರ್ತಾರೆ, ಫೋಟೋ ತಗೋತಾರೆ. ಇವ್ರು ಎದೆ ಸೆಟೆಸ್ಕೊಂಡು ‘ನಮ್ಮ ಮಾವನವರ ಕೈಚಳಕ’ ಅಂತಾರೆ. ನಾನು ಒಳಗೆ ಬಕೆಟ್ ಹಿಡ್ಕೊಂಡು ನಿಂತಿರ್ತೀನಿ. ಈ ಗೋಡೇನ ನೋಡಿದ್ದು ನೀವು, ರೀ. ನಾನು ನೋಡಿದ್ದು ಬರೀ ತೂತು.”

ಮೌನವನ್ನು ಹೇಗೆ ಬರೆದುಕೊಳ್ಳಲಿ ಎಂದು ಕವನಾ ಕೇಳಿದರು. ಸಿದ್ಧಪಡಿಸಿಕೊಂಡಿದ್ದ ಪ್ರತ್ಯುತ್ತರವನ್ನು ಅಧ್ಯಕ್ಷರು ಜೇಬಿಗೆ ಹಾಕಿಕೊಂಡಿದ್ದು ಕಂಡುಬಂದಿತು.

9. ಮಧ್ಯಂತರ ಆದೇಶ: ಗೋಡೆ ಒರೆಸುವುದು ಮಹಾ ಕೆಲಸವೇನಲ್ಲ, ಅದಕ್ಕೊಂದು ಪದ್ಧತಿ ಬೇಕಷ್ಟೆ ಎಂದು ಸಾಬೀತುಪಡಿಸಲು, ಬರುವ ಭಾನುವಾರ ಅಧಿಕಾರಿಯೇ ಖುದ್ದಾಗಿ ಜಾಲಿ ಗೋಡೆಯನ್ನು ಸಂಪೂರ್ಣವಾಗಿ ಒರೆಸತಕ್ಕದ್ದೆಂದೂ, ಒರೆಸಲಾಗದಿದ್ದಲ್ಲಿ ಸೋಮವಾರ ಸಯೀದ್ ಅವರು ಸುತ್ತಿಗೆಯನ್ನು ಗಾಡಿಯಿಂದ ಇಳಿಸಬಹುದೆಂದೂ ಅಧಿಕಾರಿಯೇ ಆದೇಶಿಸಿದರು. ವಿಶಾಲಮ್ಮನವರು, “ನೋಡೇಬಿಡೋಣ” ಎಂದರು.

10. ಅನುಪಾಲನಾ ವರದಿ: ಆದೇಶದಂತೆ ಭಾನುವಾರ ತಿಂಡಿಯ ನಂತರ, ವರದಿ ಬರೆದುಕೊಳ್ಳಲು ಕವನಾ ಅವರೂ ಬಂದ ಮೇಲೆ, ಕಾರ್ಯ ಆರಂಭಿಸಲಾಯಿತು. ಮೊದಲ ಬಿಲ್ಲೆಯು ಸುಲಭವಾಗಿ ಮುಗಿದಿದ್ದರಿಂದ ಅಧಿಕಾರಿಯವರು ಸಿಳ್ಳೆ ಹಾಕಿದರು. ಅನಂತರ ಸಿಳ್ಳೆ ಕೇಳಿಬಂದಿಲ್ಲ. ಎಲೆಯ ತುದಿಯಂತೆ ಚೂಪಾಗಿರುವ ಮೂಲೆಗೆ ಹೆಬ್ಬೆರಳು ಹೋಗುವುದಿಲ್ಲ. ಕಿರುಬೆರಳು ಹೋದರೆ ಬೇಗ ವಾಪಸ್ ಬರುವುದಿಲ್ಲ. ಕೆಳಗಿನ ಸಾಲಿಗೆ ಕುಕ್ಕರುಗಾಲಿನಲ್ಲಿ ಕೂರಬೇಕಿದ್ದು, ಕುಳಿತ ಮೇಲೆ ಏಳುವ ಬಗ್ಗೆ ಯಾವುದೇ ಪೂರ್ವಯೋಜನೆ ಇರಲಿಲ್ಲ. ಹಾದುಹೋಗುತ್ತಿದ್ದ ನೆರೆಯವರೊಬ್ಬರು ಸೈಕಲ್ ನಿಲ್ಲಿಸಿ, “ಏನ್ ಸಾಹೇಬ್ರೆ, ಸಸ್ಪೆಂಡಾ?” ಎಂದು ಕಾಳಜಿಯಿಂದ ವಿಚಾರಿಸಿದರು.

ಊಟದ ಹೊತ್ತಿಗೆ ಅರ್ಧ ಗೋಡೆಯೂ ಮುಗಿದಿರಲಿಲ್ಲ. ಅಧಿಕಾರಿಯವರ ಸೊಂಟವು ಅವರ ಆಡಳಿತ ನಿಯಂತ್ರಣದಿಂದ ಹೊರಗುಳಿದಿತ್ತು. ಆಗ ಅವರು, “ಸಾಕು ಮಾರಾಯ್ತಿ. ಗಾಜೇ ಹಾಕ್ಸೋಣ. ಸಯೀದ್‌ಗೆ ಫೋನ್ ಮಾಡು” ಎಂದು ಹೇಳಿರುತ್ತಾರೆ. ಈ ವಾಕ್ಯವನ್ನು ವರದಿಯಿಂದ ತೆಗೆಯಲು ಸೋಮವಾರ ಕವನಾ ಅವರನ್ನು ಕೋರಲಾಗಿತ್ತು. “ಅಂದಂತೇ ಬರ್ಕೊಳ್ಳಿ ಅಂದಿದ್ದು ನೀವೇ ಅಲ್ವಾ ಸಾರ್” ಎಂದು ಅವರು ತೆಗೆದಿರುವುದಿಲ್ಲ.

11. ಆದರೆ ವಿಶಾಲಮ್ಮನವರು ಫೋನ್ ಮಾಡಿರುವುದಿಲ್ಲ. ಅಧಿಕಾರಿಯವರು ಒರೆಸುತ್ತಿದ್ದುದರಿಂದ ಅವರಿಗೆ ಅಂದು ಬೇರೆ ಕೆಲಸವಿರಲಿಲ್ಲ. ವರಾಂಡಕ್ಕೆ ಕುರ್ಚಿ ತಂದು ಹಾಕಿಕೊಂಡು, ಕಾಫಿ ಲೋಟ ಹಿಡಿದು ಕುಳಿತಿದ್ದರು. ಒರೆಸಿದಷ್ಟು ಭಾಗದಿಂದ ಬಿಸಿಲು ಒಳಗೆ ಇಳಿದು, ಕೆಂಪು ನೆಲದ ತುಂಬ ವೀಳ್ಯದೆಲೆ ಹರಡಿದಂತೆ ಬಿದ್ದಿತ್ತು. ಒಂದಷ್ಟು ಅವರ ಸೀರೆಯ ಮೇಲೂ ಬಿದ್ದಿತ್ತು. ಅಧಿಕಾರಿಯವರು ಮತ್ತೆ ಫೋನಿನ ವಿಷಯ ಎತ್ತಿದಾಗ, “ಶ್, ಸುಮ್ನಿರಿ ಸ್ವಲ್ಪ” ಎಂದರು. ಕಾಫಿ ಮುಗಿಸಿದ ಮೇಲೆ ಅವರು ಹೇಳಿದ್ದು:

“ಅಪ್ಪ ಎಷ್ಟು ಚೆಂದ ಮಾಡಿದಾನಲ್ವಾ ಇದನ್ನ. ಹುಟ್ಟಿದಾಗಿಂದ ಇಲ್ಲೇ ಇದ್ದೀನಿ, ಒಂದಿನಾನೂ ಇಲ್ಲಿ ಸುಮ್ನೆ ಕೂತಿರ್ಲಿಲ್ಲ ನೋಡಿ. ಅಮ್ಮ ಅಂತೂ ಕೂರಲೇ ಇಲ್ಲ.”

ಹೀಗೆ ಹೇಳಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣಿಗೆ ಧೂಳು ಬಿದ್ದಿದೆಯೆಂದು ಅವರು ನೀಡಿದ ವಿವರಣೆಯನ್ನು ಇಲಾಖೆ ಒಪ್ಪಿರುವುದಿಲ್ಲ. ತಮ್ಮ ಸೇವಾವಧಿಯಲ್ಲಿ ಇಷ್ಟು ನಾಚಿಕೆಯಾದದ್ದು ಇಲ್ಲವೆಂದು ಅಧಿಕಾರಿಯವರು ಇಲ್ಲಿ ದಾಖಲಿಸಲು ಬಯಸುತ್ತಾರೆ. ತಾವು ಅಷ್ಟು ವರ್ಷ ಹೊಗಳಿದ ಗೋಡೆಯ ಆಚೆ ಬದಿಯಲ್ಲಿ ಒಬ್ಬರು ನಿಂತಿದ್ದರೆಂಬುದು ತಮಗೆ ಕಂಡಿರಲಿಲ್ಲ ಎಂಬುದನ್ನೂ ದಾಖಲಿಸಿರುತ್ತಾರೆ. ಅನಂತರ ವಿಶಾಲಮ್ಮನವರು ಲೋಟ ಕೆಳಗಿಟ್ಟು ಅಂತಿಮ ತೀರ್ಪು ನೀಡಿದರು:

“ಒಡೆಯೋದು ಬೇಡ. ನೀವು ಒರೆಸಿ. ಆ ಮೇಲಿನ ಸಾಲು ಹಾಗೇ ಇದೆ, ಸ್ಟೂಲು ತಗೊಳ್ಳಿ.”

12. ಆದ್ದರಿಂದ ಈ ಮೂಲಕ ಅಂತಿಮವಾಗಿ ಆದೇಶಿಸಲಾಗಿರುವುದೇನೆಂದರೆ, ಶಾರದಾ ನಿಲಯದ ಜಾಲಿ ಗೋಡೆಯನ್ನು ಒಡೆಯತಕ್ಕದ್ದಲ್ಲ. ಅದನ್ನು ಪ್ರತಿ ಭಾನುವಾರ ಅಧಿಕಾರಿಯೇ ಒರೆಸತಕ್ಕದ್ದು. ಈ ಕರ್ತವ್ಯವನ್ನು ಕೆಳಗಿನ ಸಿಬ್ಬಂದಿಗೆ ವಹಿಸತಕ್ಕದ್ದಲ್ಲ. ಗಳಿಕೆ ರಜೆ, ಸಾಂದರ್ಭಿಕ ರಜೆ, ಸೊಂಟ ನೋವು ಇವು ಅನ್ವಯಿಸುವುದಿಲ್ಲ. ಮುಂದಿನ ವರ್ಷ ಅಧಿಕಾರಿಯವರು ಸೇವೆಯಿಂದ ನಿವೃತ್ತರಾಗಲಿದ್ದು, ಈ ಸೇವೆಯಿಂದ ನಿವೃತ್ತಿ ಇರುವುದಿಲ್ಲ.

13. ಒರೆಸುವ ಅವಧಿಯಲ್ಲಿ ವಿಶಾಲಮ್ಮನವರು ವರಾಂಡದ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಹಾಲು ಉಕ್ಕಿದೆ, ಸಾಕ್ಸ್ ಸಿಗುತ್ತಿಲ್ಲ, ಫೋನು ಬಂದಿದೆ ಇತ್ಯಾದಿ ಕಾರಣಗಳಿಗಾಗಿ ಯಾರೂ ಅವರನ್ನು ಒಳಗೆ ಕರೆಯತಕ್ಕದ್ದಲ್ಲ.

14. ಈ ವಲಯದ ಯಾವುದೇ ಹಳೆಯ ಮನೆಯ ಮುಂದೆ ನಿಂತು ಅದರ ಜಾಲಿ, ಗ್ರಿಲ್, ಸಜ್ಜಾಗಳನ್ನು ಹೊಗಳಲು ಇಚ್ಛಿಸುವವರು ಮೊದಲು ಒಂದು ಸಾಲನ್ನು ಒರೆಸತಕ್ಕದ್ದು. ಫೋಟೋ ತೆಗೆಯುವವರು ಎರಡು ಸಾಲು. ‘ಒಡೆಯಬೇಡಿ’ ಎಂದು ಸಲಹೆ ನೀಡುವವರು ಪೂರ್ತಿ ಗೋಡೆ.

ಈ ಆದೇಶವು ತಕ್ಷಣದಿಂದ, ಅಂದರೆ ಸ್ಟೂಲು ಸಿಕ್ಕಿದ ಕ್ಷಣದಿಂದ ಜಾರಿಗೆ ಬಂದಿರುತ್ತದೆ.

ಸಹಿ/-
(ಷಡಕ್ಷರಪ್ಪ)
ಅಧೀಕ್ಷಕರು, ಮನೆಗಳ ಹೊರಮೈ ಇಲಾಖೆ
(ಕೈ ಒದ್ದೆಯಿದ್ದ ಕಾರಣ ಸಹಿ ಹರಡಿದೆ, ಅಸಲಿಯೇ ಇರುತ್ತದೆ)

ಪ್ರತಿಗಳು:
1. ಶ್ರೀಮತಿ ವಿಶಾಲಮ್ಮನವರಿಗೆ, ಕುರ್ಚಿಯಲ್ಲಿ ಕುಳಿತು ಬಿಡುವಾಗಿ ಓದಲು.
2. ಸಯೀದ್, ಫ್ಯಾಬ್ರಿಕೇಷನ್ ಗುತ್ತಿಗೆದಾರರಿಗೆ, ಸುತ್ತಿಗೆಯನ್ನು ಕೊನೆಯ ಬಾರಿಗೆ ಗಾಡಿಗೆ ಹತ್ತಿಸುವ ಕೋರಿಕೆಯೊಂದಿಗೆ.
3. ಶಿವಯೋಗಿ, ಅಡಿಕೆ ವ್ಯಾಪಾರಿಗಳಿಗೆ. ತಾವು ವಿಚಾರಿಸಿದ್ದ ಬಾಟಲಿಯ ಬಗ್ಗೆ ಈ ಇಲಾಖೆಗೆ ಅಧಿಕಾರವಿರುವುದಿಲ್ಲ.
4. ಕುಮಾರಿ ಕವನಾ, ಬೆರಳಚ್ಚುಗಾರ್ತಿಗೆ. ಇನ್ನು ಮುಂದೆ ಸ್ವಲ್ಪ ಬಿಟ್ಟು ಬರೆದುಕೊಳ್ಳುವುದು.
5. ಈ ವಲಯದಲ್ಲಿ ಮಾವನವರ ಮನೆಯನ್ನು ಹೊಗಳುವ ಎಲ್ಲ ಅಳಿಯಂದಿರಿಗೆ, ಎಚ್ಚರಿಕೆಗಾಗಿ.
6. ಹೆಚ್ಚುವರಿ ಪ್ರತಿಗಳು: ಮೂಲೆಗಳನ್ನು ಒರೆಸಲು.